ಬಾಳೆಹಣ್ಣಿನ ಪಟ್ಟಿ

ಹೋದ ತಿಂಗಳು ಗಂಗಾವತಿ ಬಸ್‌ ನಿಲ್ದಾಣದ ಹೊರಗೆ ಮಗಳ ಜೊತೆ ನಿಂತಿದ್ದೆ. ಪಕ್ಕದ ತಳ್ಳುಗಾಡಿಯವನು ಬೇಯಿಸಿದ ಮೊಟ್ಟೆ ಸುಲಿದು, ಎರಡು ಹೋಳು ಮಾಡಿ, ಉಪ್ಪು-ಖಾರ ಉದುರಿಸುತ್ತಿದ್ದ. ಆ ವಾಸನೆ ನನಗೆ ಆಗಿಬರುವುದಿಲ್ಲ. ನಮ್ಮ ಮನೆಯ ಹೊಸ್ತಿಲನ್ನು ಮೊಟ್ಟೆ ದಾಟಿದ್ದೇ ಇಲ್ಲ. ಟವೆಲ್ಲಿನಿಂದ ಮೂಗು ಮುಚ್ಚಿಕೊಂಡೆ. ಮಗಳು ಗಾಡಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಅಪ್ಪಾ, ಕುಷ್ಟಗಿ ಟೀಚರ್ ನೆನಪದಾರೇನು?" ಅಂದಳು.

ನೆನಪಿಲ್ಲದೆ ಏನು! ಅವರ ಚೀಲ ಬಿಚ್ಚಿಸಿದವನೇ ನಾನು.

ಕಾರಟಗಿಯ ಒಂದು ರೈಸ್‌ಮಿಲ್ಲಿನಲ್ಲಿ ಭತ್ತ ಪರೀಕ್ಷೆ ಮಾಡುವುದು ನನ್ನ ಕೆಲಸ. ಲಾರಿಯಿಂದ ಇಳಿದ ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ, ಅಂಗೈಗೆ ಕಾಳು ಸುರಿದುಕೊಂಡು, ಹಲ್ಲಿನಲ್ಲಿ ಕಚ್ಚಿ, ಮೇಲೆ ಒಣಗಿದ್ದನ್ನು ಹಾಕಿ ಕೆಳಗೆ ಹಸಿಯದನ್ನು ತುಂಬಿದ್ದಾರೋ ಎಂದು ನೋಡಬೇಕು. ಇಪ್ಪತ್ತು ವರ್ಷ ಇದನ್ನೇ ಮಾಡಿದವನಿಗೆ ಮನುಷ್ಯರನ್ನೂ ಹಾಗೇ ನೋಡುವ ಚಟ ಹತ್ತುತ್ತದೆ. ಅಂಥ ನನ್ನನ್ನು ಹುಡುಕಿ ಊರವರು ಶಾಲೆಯ ಉಸ್ತುವಾರಿ ನೋಡುವ ಎಸ್‌ಡಿಎಂಸಿ ಸಮಿತಿಗೆ ಹಾಕಿದ್ದರು. ಇವನ ಕಣ್ಣಿಗೆ ಏನೂ ತಪ್ಪುವುದಿಲ್ಲ ಎಂದು ಅವರಿಗೆ ನಂಬಿಕೆ. ನನಗೂ ಇತ್ತು.

ಆ ಟೀಚರ್ ಕುಷ್ಟಗಿ ಕಡೆಯವರು. ಕಾರಟಗಿಯಲ್ಲಿ ಬಾಡಿಗೆ ಕೋಣೆ ಹಿಡಿದು, ದಿನಾ ಬಸ್ಸಿನಲ್ಲಿ ನಮ್ಮೂರಿಗೆ ಬರುತ್ತಿದ್ದರು. ಗಣಿತ ಕಲಿಸುತ್ತಿದ್ದರು. ಭಿನ್ನರಾಶಿ ಅಂದರೆ ಓಡಿಹೋಗುತ್ತಿದ್ದ ನನ್ನ ಮಗಳು ಅವರು ಬಂದ ಮೇಲೆ ರೊಟ್ಟಿ ಮುರಿದು ಮುರಿದು ನನಗೇ ಪಾಠ ಹೇಳತೊಡಗಿದ್ದಳು. ಆದರೆ ಅವರನ್ನು ಪಾಠ ಮಾಡಲು ಯಾರು ಬಿಡುತ್ತಿದ್ದರು? ಮಕ್ಕಳಿಗಿಂತ ಮೊದಲು ಬಿಸಿಯೂಟದ ರುಚಿ ನೋಡಿ ವಹಿಯಲ್ಲಿ ಬರೆಯಬೇಕು, ಫೋಟೊ ತೆಗೆದು ಮೇಲಿನವರಿಗೆ ಕಳಿಸಬೇಕು, ಆಧಾರ್ ಜೋಡಿಸಬೇಕು, ಮತದಾರರ ಪಟ್ಟಿ ಹಿಡಿದು ಮನೆಮನೆ ತಿರುಗಬೇಕು. ಇದೆಲ್ಲದರ ಮೇಲೆ ನನ್ನಂಥವರು. ಮಿಲ್ಲಿಗೆ ಹೋಗುವಾಗ ಬೈಕ್ ನಿಲ್ಲಿಸಿ, ಕಿಟಕಿಯಲ್ಲಿ ಮೊಬೈಲ್ ಹಿಡಿದು, ಟೀಚರ್ ನಿಂತಿದ್ದಾರೋ ಕುಂತಿದ್ದಾರೋ ಎಂದು ವಿಡಿಯೊ ಮಾಡಿಕೊಂಡು ಹೋಗುತ್ತಿದ್ದೆ. ದೊಡ್ಡ ಕೆಲಸ ಮಾಡಿದವನ ಹಾಗೆ...

ಶಾಲೆಯಲ್ಲಿ ಮೊಟ್ಟೆ ಕೊಡುವುದು ಶುರುವಾದಾಗ ಎಲ್ಲ ಮನೆಗಳಿಂದ ಬರೆಸಿಕೊಂಡರು. ತಿನ್ನುವ ಮಕ್ಕಳದು ಒಂದು ಪಟ್ಟಿ, ತಿನ್ನದವರದು ಬಾಳೆಹಣ್ಣಿನ ಪಟ್ಟಿ. ಏಳನೆಯ ತರಗತಿಯಲ್ಲಿದ್ದ ನನ್ನ ಮಗಳ ಹೆಸರನ್ನು ಬಾಳೆಹಣ್ಣಿನ ಪಟ್ಟಿಗೆ ಬರೆಸಿ, ಸಹಿ ಹಾಕಿ, ಎರಡು ಸಲ ಓದಿ ನೋಡಿದೆ. ಆ ಪಟ್ಟಿಗಳ ಜವಾಬ್ದಾರಿ ಕುಷ್ಟಗಿ ಟೀಚರ್ ಮೇಲೆ ಬಿತ್ತು.

ಒಂದಿನ ಶಾಲೆಯ ಅಡುಗೆಯಾಕೆ ದಾರಿಯಲ್ಲಿ ತಡೆದು, "ಟೀಚರ್ ಏನ್ ನಡಸ್ಯಾರೋ ಏನೋ ಅಣ್ಣಾರ, ಮೊಟ್ಟಿ ದಿನ ಐದಾರು ಹುಡುಗ್ಯಾರನ್ನ ಒಳಗ ಕರಕೊಂಡು ಬಾಗಲಾ ಹಾಕ್ಕೋತಾರ್ರಿ," ಅಂದಳು. ಸಾಕಲ್ಲ ನನಗೆ! ಮರುವಾರ ಹೋಗಿ ನೋಡಿದೆ. ಪುಸ್ತಕದ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿಂದ ಹುಡುಗಿಯರು ನಗುವ ಸದ್ದು. ಮನೆಗೆ ಬಂದು ಮಗಳನ್ನು ಕೇಳಿದರೆ, ನೆಲ ನೋಡುತ್ತ "ಗಣಿತ ಹೇಳಿಕೊಡ್ತಾರಪ್ಪ" ಅಂದಳು. ಸುಳ್ಳು ಎಂದು ಗೊತ್ತಾಯಿತು. ಇವಳಿಗೆ ಸುಳ್ಳು ಕಲಿಸಿದ್ದೂ ಅವರೇ ಅಂದುಕೊಂಡೆ. ಆಮೇಲೆ ಎಲ್ಲವೂ ಅನುಮಾನವೇ. ಬೆಳಿಗ್ಗೆ ಬರುವಾಗಲೂ ಅವರ ಚೀಲ ಉಬ್ಬಿರುತ್ತಿತ್ತು, ಸಂಜೆ ಹೋಗುವಾಗಲೂ ಉಬ್ಬಿರುತ್ತಿತ್ತು. ಬಸ್ಸಿಗಾಗಿ ನಿಂತಾಗ ಅದನ್ನು ಎದೆಗೆ ಒತ್ತಿ ಹಿಡಿದಿರುತ್ತಿದ್ದರು. ಏನೋ ಮುಚ್ಚಿಡುತ್ತಿದ್ದಾರೆ ಎಂದು ನನ್ನ ಒಳಮನಸ್ಸು ಹೇಳುತ್ತಿತ್ತು. ಅದು ಖರೆಯೂ ಆಗಿತ್ತು.

ಒಂದು ಸಂಜೆ ಶಾಲೆ ಬಿಟ್ಟಾಗ ಸಮಿತಿಯ ಮೂವರು ಗೇಟಿನಲ್ಲಿ ನಿಂತೆವು. ಮಕ್ಕಳು ಇನ್ನೂ ಅಲ್ಲೇ ಇದ್ದರು. ಚೀಲ ತೋರಿಸಿ ಅಂದೆ.

"ನನ್ನ ಸಾಮಾನು ಅದಾವ್ರಿ ಅದರಾಗ," ಅಂದರು ಟೀಚರ್.

"ಹಂಗಿದ್ರ ತೋರ್ಸಾಕ ಏನ್ರಿ ಅಂಜಿಕಿ?"

ಅವರು ಕೊಡುವ ಮೊದಲೇ ನಮ್ಮವನೊಬ್ಬ ಚೀಲ ಕಸಿದು ಜಿಪ್ ಎಳೆದ. ಮಕ್ಕಳ ನೋಟ್‌ಬುಕ್ಕುಗಳು, ನೀರಿನ ಬಾಟಲಿ, ಒಂದು ಖಾಲಿ ಸ್ಟೀಲ್ ಡಬ್ಬಿ, ಪೇಪರಿನಲ್ಲಿ ಸುತ್ತಿದ ಐದು ಬಾಳೆಹಣ್ಣು. ನಾನು ಮೊಬೈಲ್ ಹತ್ತಿರ ಹಿಡಿದೆ. ಟೀಚರ್ ಗುಂಪಿನಲ್ಲಿ ನಿಂತಿದ್ದ ನನ್ನ ಮಗಳ ಕಡೆ ಒಂದೇ ಸಲ ನೋಡಿ, "ಹಣ್ಣು ಸಾಲ್ಯಾಗಿನವ ಹೌದ್ರಿ," ಅಂದರು. ಅಷ್ಟೇ. ಅಳಲಿಲ್ಲ, ಜಗಳ ಮಾಡಲಿಲ್ಲ. ಏನು ಗಟ್ಟಿ ಹೆಂಗಸಪ್ಪಾ ಅಂದುಕೊಂಡೆ.

ಮನೆ ಮುಟ್ಟುವ ಮೊದಲೇ ವಿಡಿಯೊ ಊರ ಗ್ರೂಪಿನಲ್ಲಿ ಹಾಕಿದೆ. 'ಮಕ್ಕಳ ಬಾಯಿಂದ ಕಸಿಯುವ ಶಿಕ್ಷಕಿ' ಎಂದು ತಲೆಬರಹ ನನ್ನದೇ. ಅದು ಕಾರಟಗಿ, ಗಂಗಾವತಿ ದಾಟಿ ಅವರ ತವರಿನವರೆಗೂ ಹೋಯಿತಂತೆ. ಟೀಚರ್ ಬಸ್ ಇಳಿದರೆ ಹೋಟೆಲಿನ ಮುಂದೆ ಕುಂತವರು "ಬಾಳೆಹಣ್ಣು ಬಂತು" ಅನ್ನುತ್ತಿದ್ದರು. ಮೇಲಿನಿಂದ ನೋಟಿಸು ಬಂತು, ವಿಚಾರಣೆಗೆ ಜನ ಬಂದರು. ಹಣ್ಣು ಯಾಕೆ ಒಯ್ದಿರಿ ಎಂದು ಕೇಳಿದರೆ ತಪ್ಪಾಯಿತು ಅಂದರೇ ಹೊರತು ಬೇರೆ ಮಾತಿಲ್ಲ. ಎರಡು ತಿಂಗಳಿಗೆ ರಾಜೀನಾಮೆ ಬರೆದುಕೊಟ್ಟರು. "ಪಾಠ ಮಾಡಾಕ ಬಂದಾಕಿ ನಾನು. ದಿನಾ ಮುಂಜಾನೆದ್ದು ಕಳ್ಳಿ ಅಲ್ಲ ಅಂತ ಸಾಕ್ಷಿ ಕೊಡೋದು ನನ್ನಿಂದ ಆಗೂದಿಲ್ರಿ," ಎಂದು ಹೆಡ್ಮಾಸ್ತರಿಗೆ ಹೇಳಿದರಂತೆ. ಅದನ್ನೂ ನಾವು ನಂಬಲಿಲ್ಲ. ಸರ್ಕಾರಿ ನೌಕರಿಯನ್ನು ಯಾರಾದರೂ ಸುಮ್ಮನೆ ಬಿಡುತ್ತಾರೆಯೇ, ಒಳಗೆ ಇನ್ನೂ ಏನೋ ಇರಬೇಕು ಎಂದು ಕಟ್ಟೆಯ ಮೇಲೆ ಕುಂತು ಮಾತಾಡಿದೆವು.

ಈಗ ಮಗಳು ಪಿಯುಸಿ. ಬಸ್‌ ನಿಲ್ದಾಣದ ಗದ್ದಲದಲ್ಲಿ, ನನ್ನ ಮುಖ ನೋಡದೆ, ಎಲ್ಲ ಹೇಳಿದಳು. ಶಾಲೆಯ ಮೊಟ್ಟೆ ಪಟ್ಟಿಯಲ್ಲಿದ್ದವರಿಗಷ್ಟೇ ಲೆಕ್ಕ, ಅದಕ್ಕೆ ಆ ಡಬ್ಬಿಯಲ್ಲಿ ಟೀಚರ್ ತಮ್ಮ ಕೋಣೆಯಿಂದ ಮೊಟ್ಟೆ ಬೇಯಿಸಿ ತರುತ್ತಿದ್ದರಂತೆ. ಮನೆಯಲ್ಲಿ ಹೇಳಲಾಗದೆ, ಗೆಳತಿಯರು ತಿನ್ನುವುದನ್ನು ನೋಡಿ ಬಾಯಿಬಿಟ್ಟು ಕೇಳಿದ ಐದು ಹುಡುಗಿಯರಿಗೆ. ಮೊದಲು ಕೇಳಿದವಳು ಇವಳೇ. ಮೊಟ್ಟೆ ತಿಂದು ಹೊಟ್ಟೆ ತುಂಬಿದ ಹುಡುಗಿಯರು ಬಿಟ್ಟ ಹಣ್ಣು ಶಾಲೆಯಲ್ಲಿ ಉಳಿದರೆ ಗುಟ್ಟು ಗೊತ್ತಾಗುತ್ತದೆಂದು ಟೀಚರ್ ಚೀಲಕ್ಕೆ ಹಾಕಿಕೊಂಡು ಹೋಗಿ, ಕಾರಟಗಿಯಲ್ಲಿ ದನಗಳಿಗೆ ಹಾಕುತ್ತಿದ್ದರು.

ನಿಜ ಹೇಳುತ್ತೇನೆ, ಮೊದಲು ಸಿಟ್ಟೇ ಬಂತು. ಸಹಿ ಹಾಕಿದ ಅಪ್ಪ ನಾನಿದ್ದೆ, ನನ್ನನ್ನು ಕೇಳದೆ ಕೊಡಲು ಇವರಾರು? ಆಮೇಲೆ ನೆನಪಾಯಿತು, ಅವರು ಕೇಳಿದ್ದರು. ಮಗಳು ಪ್ರಾರ್ಥನೆಗೆ ನಿಂತಲ್ಲೇ ಎರಡು ಸಲ ತಲೆ ತಿರುಗಿ ಬಿದ್ದಾಗ ಮನೆಗೆ ಬಂದು, ಹುಡುಗಿಗೆ ರಕ್ತ ಕಡಿಮೆ ಇದೆ, ಏನಾದರೂ ಮಾಡಿ ಅಂದಿದ್ದರು. ಮಾತ್ರೆ ಕೊಡಿಸುತ್ತೇನೆ ಅಂದೆ. ಸುಗ್ಗಿಯ ಗಡಿಬಿಡಿಯಲ್ಲಿ ಮರೆತೆ... ನಾಚಿಕೆಯಿಂದ ಸತ್ತುಹೋದೆ.

ಹೆಡ್ಮಾಸ್ತರ ಕಡೆಯಿಂದ ನಂಬರ್ ತೆಗೆದುಕೊಂಡು ಫೋನ್ ಮಾಡಿದೆ. ಕುಷ್ಟಗಿಯಲ್ಲಿ ಖಡಕ್ ರೊಟ್ಟಿ ಮಾಡಿ ಅಂಗಡಿಗಳಿಗೆ ಕೊಡುತ್ತಾರಂತೆ. ನಾನು ಯಾರೆಂದು ಹೇಳಿದೆ. ಅವರು ಮೊದಲು ಕೇಳಿದ್ದೇ: "ರೆಕಾರ್ಡ್ ಮಾಡಾಕತ್ತೀರೇನ್ರಿ?"

"ಇಲ್ರಿ ಟೀಚರ್, ದೇವರಾಣಿ ಇಲ್ಲ. ಮಗಳು ಎಲ್ಲಾ ಹೇಳ್ಯಾಳ್ರಿ. ಆವತ್ತ ನೀವರೆ ಯಾಕ ಹೇಳ್ಲಿಲ್ಲ?"

"ಹೇಳಿದ್ರ ಮರುದಿನಾನ ಆಕಿನ್ನ ಸಾಲಿ ಬಿಡಸ್ತಿದ್ರಿ. ಬಿಡಸ್ತಿದ್ದಿಲ್ಲೇನು? ಖರೇ ಹೇಳ್ರಿ."

"ಬಿಡಸ್ತಿದ್ದೆ," ಅಂದೆ.

"ಮತ್ತ? ಆಕಿ, ನಾನು, ಇಬ್ಬರಾಗ ಯಾರರೆ ಒಬ್ಬರು ಸಾಲಿ ಬಿಡಬೇಕಿತ್ತಲ್ರಿ." ಹಂಚಿನ ಮೇಲೆ ರೊಟ್ಟಿ ಇದೆ ಎಂದು ಫೋನ್ ಇಟ್ಟರು. ಆಮೇಲೆ ನಾಲ್ಕು ಸಲ ಮಾಡಿದೆ, ಎತ್ತಲಿಲ್ಲ. ನಮ್ಮ ಶಾಲೆಯಲ್ಲಿ ಅವರ ಜಾಗಕ್ಕೆ ಇವತ್ತಿಗೂ ಯಾರೂ ಕಾಯಂ ಬಂದಿಲ್ಲ.

ಊರ ಗ್ರೂಪಿಗೆ ನಿಜ ಬರೆಯುತ್ತೇನೆ ಅಂದಾಗ, "ನನ್ನ ಹೆಸರೂ ಹಾಕಪ್ಪಾ, ಪರವಾಗಿಲ್ಲ" ಎಂದು ಮಗಳೇ ಹೇಳಿದಳು. ಮೊನ್ನೆ ಅದೇ ಗ್ರೂಪಿನಲ್ಲಿ ನಡೆದದ್ದನ್ನೆಲ್ಲ ಬರೆದು, ತಪ್ಪು ನನ್ನದು ಎಂದು ಹಾಕಿದೆ. ಎಲ್ಲರೂ ಓದಿದರು. ಉತ್ತರ ಬಂದದ್ದು ಒಂದೇ: "ಆ ಟೀಚರ್ ಕಡಿಂದ ಎಷ್ಟ ತಗೊಂಡಿಯೋ?"

ವಿಡಿಯೊ ಹಾಕಿದ ದಿನ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ.