ಹಳೇ ನೀರಿನ ಲೆಕ್ಕ

ನಾನು ಹಿಮವನ್ನು ಕಣ್ಣಾರೆ ಕಂಡವಳಲ್ಲ. ಆದರೂ ಗುಂಡ್ಲುಪೇಟೆಯ ಮೇ ತಿಂಗಳ ಸೆಕೆಯಲ್ಲಿ ಫ್ಯಾನಿನ ಕೆಳಗೆ ಕೂತು, ಭೂಮಧ್ಯರೇಖೆಯ ಹತ್ತಿರ ಎಲ್ಲೋ ಇರುವ ಬೆಟ್ಟದ ನೆತ್ತಿಯ ಹಿಮನದಿ ಕರಗಿದರೆ ಕೆಳಗಿನ ಊರಿಗೆ ಎಷ್ಟು ನೀರು ಸಿಕ್ಕೀತು ಎಂದು ಲೆಕ್ಕ ಹಾಕುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಚಾಮರಾಜನಗರದ ಕಾಲೇಜೊಂದರಲ್ಲಿ ಭೂಗೋಳ ಹೇಳಿಕೊಡುವ ಹಂಗಾಮಿ ಕೆಲಸ ನನ್ನದು. ಜೂನ್ ಒಳಗೆ ಎಂ.ಫಿಲ್. ಪ್ರಬಂಧ ಒಪ್ಪಿಸದಿದ್ದರೆ ಅದೂ ಇಲ್ಲ ಎಂದು ಪ್ರಿನ್ಸಿಪಾಲರು ಖಡಾಖಂಡಿತವಾಗಿ ಹೇಳಿದ್ದರು. ಕೂತರೆ ಏಳಬೇಕು, ಎದ್ದರೆ ಕೂರಬೇಕು ಅನ್ನಿಸುತ್ತಿದ್ದ ದಿನಗಳವು.

ಅಂತೂ ಬರೆದು ಮುಗಿಸಿ ಚಾಮರಾಜನಗರದ ಬೈಂಡಿಂಗ್ ಅಂಗಡಿಗೆ ಕೊಟ್ಟು ಬಂದೆ. ಆ ಸಂಜೆ ಅತ್ತೆ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದರು. ಉಡಿಗಾಲ ಎಂಬ ಹಳ್ಳಿಯವರು, ಅರ್ಧ ಆಯಸ್ಸು ಹೊಲದಲ್ಲೇ ಕಳೆದವರು. ನನ್ನ ಓದಿನ ಬಗ್ಗೆ ಯಾವತ್ತೂ ಕೇಳದವರು ಅವತ್ತೇ ಕೇಳಬೇಕೆ!

"ಅಷ್ಟ್ ದಿನದಿಂದ ಬರದ್ಯಲ್ಲ, ಏನ್ ಗೊತ್ತಾಯ್ತಮ್ಮಿ?"

"ಅಲ್ಲಿಯ ಹೊಳೇಲಿ ವರ್ಷದಿಂದ ವರ್ಷಕ್ಕೆ ನೀರು ಜಾಸ್ತಿ ಆಗ್ತಾ ಇದೆ ಅತ್ತೆ. ಮುಂದಕ್ಕೂ ಜಾಸ್ತಿನೇ ಆಗುತ್ತೆ" ಎಂದೆ, ಹೆಮ್ಮೆಯಿಂದಲೇ.

"ಮಳೆ ಜಾಸ್ತಿಯಾ?"

"ಇಲ್ಲ, ಬೆಟ್ಟದ ಹಿಮ ಜೋರಾಗಿ ಕರಗ್ತಾ ಇದೆ."

ಮೊರ ನಿಂತಿತು. "ಅಂಗಾರೆ ಅದು ಹಳೇ ನೀರು ಕಣಮ್ಮಿ. ನಮ್ಮೂರಲ್ಲಿ ಮೊದ್ಲು ಬೋರು ಕೊರ್ಸ್ದಾಗ ಆಳುದ್ದ ಚಿಮ್ತು. ನೀರೈತೆ ಅಂತ ಎಲ್ರೂ ಒಲಕ್ಕೆ ಅರಿಶಿಣ ಆಕ್ಬುಟ್ರು. ಯಾವ್ ಕಾಲದ ನೀರೋ, ತೀರೋಯ್ತು."

ನನ್ನ ತಪ್ಪು ಆಗ ಹೊಳೆಯಿತು. ಹಿಂದಿನ ವರ್ಷಗಳ ಹರಿವಿನ ಗೆರೆ ಮೇಲಕ್ಕೇರಿದ್ದನ್ನು ನೋಡಿ, ಸ್ಕೇಲಿಟ್ಟು ಅದನ್ನೇ ಮುಂದಕ್ಕೆ ಎಳೆದುಬಿಟ್ಟಿದ್ದೆ. ಮೇಲಿನ ಹಿಮ ಕುಗ್ಗುತ್ತ ಬಂದರೆ ಒಂದು ದಿನ ಕೆಳಗಿನ ನೀರೂ ಇಳಿಯಲೇಬೇಕು. ಉಪಗ್ರಹದ ಚಿತ್ರಗಳಲ್ಲಿ ಆ ಬಿಳಿ ಮಚ್ಚೆ ಸಣ್ಣದಾಗುತ್ತ ಹೋದದ್ದನ್ನು ಅಳೆದವಳೂ ನಾನೇ. ಹಿಮಕ್ಕೊಂದು ಅಧ್ಯಾಯ, ಹೊಳೆಗೊಂದು ಅಧ್ಯಾಯ. ಎರಡನ್ನೂ ಒಟ್ಟಿಗಿಟ್ಟು ನೋಡುವುದು ತೋಚಿರಲಿಲ್ಲ. ಅತ್ತೆಯ ಮೇಲೆ ಸಿಟ್ಟು ಬಂತು. ಒಂದು ವಾರ ಬಿಟ್ಟು ಕೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು!

ಬೆಳಿಗ್ಗೆ ಮೊದಲ ಬಸ್ಸು ಹತ್ತಿದೆ. ತೆರಕಣಾಂಬಿಯವರೆಗೂ ತರಕಾರಿ ಲಾರಿಯೊಂದರ ಹಿಂದೆ ತೆವಳಿತು ಅದು. ಇಳಿದು ಓಡೋಣ ಅನ್ನಿಸಿತು. ಚಾಮರಾಜನಗರ ಮುಟ್ಟಿದವಳೇ ಬಸ್‌ಸ್ಟ್ಯಾಂಡಿನ ಕಾಯಿನ್ ಫೋನಿನಿಂದ ನನ್ನ ಮಾರ್ಗದರ್ಶಕರಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಸುಮ್ಮನೆ ಬೈಂಡ್ ಮಾಡಿಸಮ್ಮ. ಅಲ್ಲಿಗೆ ಹೋಗಿ ಯಾರು ಅಳೀತಾರೆ? ತಿದ್ದೋಕೆ ಕೂತರೆ ಜೂನ್ ದಾಟುತ್ತೆ, ಕೆಲಸ ಹೋಗುತ್ತೆ" ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಅಂಗಡಿಯ ಮುಂದೆ ಎರಡು ಸಲ ಅತ್ತಿಂದಿತ್ತ ಓಡಾಡಿದೆ. ಒಳಗೆ ಹೋದಾಗ ಅಂಗಡಿಯವರು ಗೋಂದಿನ ಬ್ರಷ್ಷು ಕೈಗೆತ್ತಿಕೊಂಡಿದ್ದರು. "ಬೇಡ, ನಿಲ್ಲಿಸಿ" ಎಂದು ಕಿರುಚಿಯೇ ಬಿಟ್ಟೆ. ಬಿಡಿ ಹಾಳೆಗಳನ್ನು ಎದೆಗೊತ್ತಿಕೊಂಡು ಮನೆಗೆ ಬಂದೆ.

ಜೂನ್‌ನಲ್ಲಿ ಕೆಲಸ ಹೋಯಿತು. ಅತ್ತೆಯ ಜೊತೆ ಒಂದಷ್ಟು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಅವರೂ ಗಂಟುಮುಖ ಹಾಕಿಕೊಂಡಿದ್ದರು, ಆದರೆ ನಾನು ಬರೆಯಲು ಕೂತಾಗ ಕಾಫಿ ತಂದಿಡುವುದನ್ನು ಬಿಡಲಿಲ್ಲ. ಲೆಕ್ಕ ಮುಗಿಯುವಷ್ಟರಲ್ಲಿ ದೀಪಾವಳಿ ಬಂತು. ಹೊಸ ಗೆರೆ ಇನ್ನು ಕೆಲವೇ ವರ್ಷ ಏರಿ ಆಮೇಲೆ ಇಳಿಯುತ್ತಿತ್ತು. ಮಳೆಯಿಲ್ಲದ ತಿಂಗಳುಗಳಲ್ಲಂತೂ ಹೊಳೆ ಬಹುತೇಕ ಬತ್ತಲಿತ್ತು. ಪ್ರಬಂಧ ಒಪ್ಪಿಸಿ ಬಂದು ಅತ್ತೆಗೆ ಹೇಳಿದೆ: "ನೀವಂದದ್ದೇ ಸರಿ. ಅದು ಹಳೇ ನೀರೇ."

ಅವರು ಒಂಚೂರೂ ಬೀಗಲಿಲ್ಲ. "ಆ ಊರೋರ್ಗೆ ಯೋಳಿದ್ಯಾ?" ಎಂದು ಕೇಳಿದರು.

ಕೆಲಸ, ಪದವಿ, ಮಾರ್ಗದರ್ಶಕರ ಮುನಿಸು, ಎಲ್ಲದರ ಬಗ್ಗೆ ತಲೆ ಕೆಡಿಸಿಕೊಂಡಿದ್ದೆ. ಇದೊಂದು ನೆನಪಾಗಿರಲಿಲ್ಲ.

"ಯೂನಿವರ್ಸಿಟಿ ಲೈಬ್ರರೀಲಿ ಇಡ್ತಾರೆ ಅತ್ತೆ" ಎಂದೆ. ಕೆಲಸ ಹೋದಾಗಲೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ.