ಮಹಡಿಯ ಟಿವಿಯಲ್ಲಿ ನನ್ನ ಮದುವೆ

ನನ್ನ ಮದುವೆಯ ದಿನ ನಾನು ಅರ್ಧ ಗಂಟೆ ಮುಖ ಊದಿಸಿಕೊಂಡು ಕೂತಿದ್ದೆ. ಕಾರಣ, ಕಾಫಿ ತಣ್ಣಗಿತ್ತು. ಮೂವತ್ತು ವರ್ಷ ಮುಚ್ಚಿಟ್ಟಿದ್ದ ಈ ಸಂಗತಿಯನ್ನು ಬಯಲಿಗೆಳೆದದ್ದು ನನ್ನದೇ ಕಂಪ್ಯೂಟರ್.

ಯಲಹಂಕದ ನಮ್ಮ ಮನೆಯಲ್ಲಿ ಕೆಳಗೆ ನಾನು, ಹೆಂಡತಿ ಸುಮಿತ್ರೆ. ಮಹಡಿಯಲ್ಲಿ ಬಾಡಿಗೆಗಿರುವವರು ಗದಗದ ಕಡೆಯ ಒಬ್ಬ ಕಾಲೇಜು ಮೇಷ್ಟ್ರು ಮತ್ತು ಅವರ ತಾಯಿ ಗಂಗವ್ವ. ನೀರಿನ ಟ್ಯಾಂಕಿನಂತೆ ವೈಫೈಯೂ ಎರಡು ಮನೆಗೆ ಒಂದೇ. ಮದುವೆಯ ಹಳೇ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ, ನಮ್ಮ ಟಿವಿಯಲ್ಲಿ ಕಾಣಲೆಂದು ಹಂಚಿಕೆಯ ಗುಂಡಿ ಒತ್ತಿದ್ದೆ. ಅದು ಇಂಗ್ಲಿಷಿನಲ್ಲಿ ಏನೇನೋ ಕೇಳಿತು. ಎಲ್ಲದಕ್ಕೂ ಹೂಂ ಅಂದೆ. ಮದುವೆಯ ದಿನ ಯಶವಂತಪುರದ ಛತ್ರದಲ್ಲಿ ಪುರೋಹಿತರ ಮಂತ್ರಕ್ಕೂ ಹೀಗೆಯೇ ಅರ್ಥವಾಗದೆ ಹೂಂಗುಟ್ಟಿದವನು ನಾನು.

ಒಂದು ಬೆಳಿಗ್ಗೆ ಗಂಗವ್ವ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿದರು.

"ಸಾಹೇಬ್ರ, ಅವತ್ತ ಯಾಕ ಹಂಗ ಸಿಟ್ಟಾಗಿ ಕುಂತಿದ್ರಿ?"

"ಯಾವತ್ತಮ್ಮ?"

"ನಿಮ್ಮ ಮದುವ್ಯಾಗ್ರೀ. ದಿನಾ ಮಧ್ಯಾಹ್ನ ನಮ್ಮ ಟಿವ್ಯಾಗ ನೋಡ್ತೀನಲ್ರೀ. ಧಾರಾವಾಹಿಗಿಂತ ಛಲೋ ಐತಿ."

ಮನೆಯ ಮಾಲೀಕನ ಗಾಂಭೀರ್ಯವೆಲ್ಲ ಮೆಟ್ಟಿಲಿಳಿದು ಹೋಯಿತು. ಓಡಿಹೋಗಿ ಕಂಪ್ಯೂಟರಿನ ಮುಂದೆ ಕೂತೆ. ನಮ್ಮ ವೈಫೈಗೆ ಸೇರಿಕೊಂಡು ನನ್ನ ವಿಡಿಯೋ, ಹಾಡುಗಳನ್ನು ತೆರೆಯಬಲ್ಲ ಯಂತ್ರಗಳ ಪಟ್ಟಿಯೇ ಅಲ್ಲಿತ್ತು. ಒಂದೊಂದರ ಎದುರೂ ಬಿಡಬೇಕೋ ತಡೆಯಬೇಕೋ ಎಂಬ ಪ್ರಶ್ನೆ. ಹೆಸರುಗಳೋ, ಬರೀ ಅಂಕಿ ಅಕ್ಷರಗಳ ಬಾಲ. ನಾನು ಚಿಕ್ಕವನಾಗಿದ್ದಾಗ ಬೀದಿಗೆಲ್ಲ ನಮ್ಮದೊಂದೇ ಟಿವಿ. ಭಾನುವಾರ ಕಿಟಕಿಯ ತುಂಬ ತಲೆಗಳು. ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂದು ಅಪ್ಪ ಯೋಚಿಸಿದ್ದೇ ಇಲ್ಲ. ಚಾಪೆ ಸಾಲದು ಎಂಬುದಷ್ಟೇ ಅವರ ಚಿಂತೆ. ಆದರೆ ಅವರ ಟಿವಿಯಲ್ಲಿ ಅವರದೇ ಮುನಿಸು ಪ್ರಸಾರವಾಗುತ್ತಿರಲಿಲ್ಲವಲ್ಲ!

ಮೊದಲನೆಯದನ್ನು ತಡೆದೆ. "ಏನ್ರೀ, ಫೋನಲ್ಲಿ ನನ್ ಭಜನೆ ನಿಂತೋಯ್ತು!" ಎಂದು ಅಡುಗೆಮನೆಯಿಂದ ಕೂಗು ಬಂತು. ಅದಕ್ಕೆ ಮತ್ತೆ ಅನುಮತಿ ಕೊಟ್ಟು ಎರಡನೆಯದನ್ನು ತಡೆದೆ. ನಮ್ಮದೇ ಟಿವಿ ಕಣ್ಣು ಮುಚ್ಚಿತು. ಅದಕ್ಕೂ ಅನುಮತಿ ಕೊಟ್ಟು ಮೂರನೆಯದನ್ನು ತಡೆದೆ. ಆ ಮಧ್ಯಾಹ್ನ ಮಹಡಿಯಿಂದ, ಧಾರಾವಾಹಿಯದೆಂದು ನಾನು ಅಂದುಕೊಂಡಿದ್ದ ನಾದಸ್ವರ ಕೇಳಿಸಲಿಲ್ಲ. ಪಕ್ಕದ ಜಕ್ಕೂರಿನ ವಿಮಾನ ತರಬೇತಿ ಶಾಲೆಯ ಪುಟ್ಟ ವಿಮಾನವೊಂದು ತಲೆಯ ಮೇಲೆ ಗುಂಯ್‌ಗುಟ್ಟಿ ಹೋದದ್ದು ನನ್ನ ವಿಜಯೋತ್ಸವವೆನಿಸಿತು.

ಮೂರನೇ ದಿನ ಗಂಗವ್ವ ಕೆಳಗಿಳಿದು ಬಂದು ಸುಮಿತ್ರೆಯ ಪಕ್ಕ ಕೂತರು.

"ನಿಮ್ಮ ಮದುವಿ ಬರವಲ್ದು ತಂಗಿ. ಒಂದ ಮಾತ ಕೇಳಬೇಕಂದಿದ್ದೆ. ಈ ಸಾಹೇಬ್ರು ಸಿಟ್ಟಾಗಿ ಕುಂತಿರ್ತಾರಲ್ಲ, ಆವಾಗ ಇವರ ಹಿಂದ ಕಂಬದ ಮರಿಗೆ ನಿಂತು ಒಬ್ಬರು ಶಲ್ಯದಾಗ ಕಣ್ಣ ಒರಸ್ಕೋತಾರ. ಗುಂಡ ಮುಖ, ದಪ್ಪ ಮೀಸಿ. ಅವರ್ಯಾರು?"

ಸೊಪ್ಪು ಬಿಡಿಸುತ್ತಿದ್ದ ಸುಮಿತ್ರೆಯ ಕೈ ನಿಂತಿತು.

"ನಮ್ಮಪ್ಪ ಇರ್ಬೇಕು. ಆದ್ರೆ ಅಪ್ಪ ಅವತ್ತು ಅಳಲೇ ಇಲ್ಲಮ್ಮ. ನಗ್ತಾ ಕಳಿಸ್ಬಿಟ್ಟೆ ನೀನು ಅಂತ ಅವರು ತೀರಿಹೋಗೋವರೆಗೂ ಜಗಳ ಆಡ್ತಿದ್ದೆ."

ಆ ಭಾಗವನ್ನು ಅವಳು ನೋಡಿಯೇ ಇರಲಿಲ್ಲ. ನೋಡುವುದಾದರೂ ಹೇಗೆ? ನನ್ನ ಮುನಿಸು ಬರುವ ಮೊದಲೇ ರಿಮೋಟ್ ಹಿಡಿದು ಊಟದ ಪಂಕ್ತಿಗೆ ಹಾರಿಸುತ್ತಿದ್ದವನು ನಾನು.

"ಹಾಕ್ರೀ ಅದನ್ನ," ಅಂದಳು ಸುಮಿತ್ರೆ.

ಹಾಕಿದೆ. ತೆರೆಯ ತುಂಬ ನನ್ನ ಊದಿದ ಮುಖ. ಭುಜದ ಹಿಂದೆ, ಕಂಬದ ಮರೆಯಲ್ಲಿ, ಮಸುಕು ಮಸುಕಾಗಿ ಮಾವನವರು. ಸುಮಿತ್ರೆ ಕಣ್ಣೊರೆಸಿಕೊಂಡು ಹಿಂದಕ್ಕೆ ಓಡಿಸಿದಳು, ಮತ್ತೆ ನೋಡಿದಳು, ಮತ್ತೆ ಓಡಿಸಿದಳು. ಅವಳು ತನ್ನ ಅಪ್ಪನನ್ನು ಹನ್ನೊಂದು ಸಲ ನೋಡಬೇಕಾದರೆ ನಾನು ಹನ್ನೊಂದು ಸಲ ಮುಖ ಊದಿಸಬೇಕಾಯಿತು. ಗಂಗವ್ವ ನನ್ನ ಕಡೆ ತಿರುಗಿ, "ಇರ್ಲಿ ಬಿಡ್ರೀ, ಮದುವ್ಯಾಗ ಮದುಮಗ ಅಂದ್ರ ಒಂದ ಕೂಸು," ಎಂದು ಸಮಾಧಾನ ಹೇಳಿದರು. ಎದ್ದುಹೋಗಿ ಅವರ ಟಿವಿಗೆ ಮತ್ತೆ ಅನುಮತಿ ಕೊಟ್ಟೆ.

ಯಾರಿಗೆ ಏನು ಕಾಣಬೇಕು, ಏನು ಕಾಣಬಾರದು ಎಂದು ತೀರ್ಮಾನಿಸುವ ಅಧಿಕಾರವನ್ನು ಕಂಪ್ಯೂಟರ್ ಈಗಲೂ ನನಗೇ ಬಿಟ್ಟಿದೆ. ಬೆನ್ನ ಹಿಂದೆ ನಿಂತು ಅಳುತ್ತಿದ್ದವರೇ ಮೂವತ್ತು ವರ್ಷ ಕಾಣದಿದ್ದ ನನಗೆ!