ಅಕ್ಕನ ಹಾಡು ಟಿವಿಗೆ ಬಂದಾಗ

ಬೈಲಹೊಂಗಲದಲ್ಲಿರುವ ನನ್ನ ಅಕ್ಕ ಸೋಬಾನೆ ಪದ ಹಾಡುತ್ತಿದ್ದಳು. ಸವದತ್ತಿ ಕಡೆಯ ಮದುವೆ ಮನೆಯವರು ಕೂಡ ಅವಳ ಬಿಡುವು ಕೇಳಿಕೊಂಡೇ ಅರಿಶಿನದ ದಿನ ಇಟ್ಟುಕೊಳ್ಳುತ್ತಿದ್ದರು. ಜೊತೆಗೆ ಹೋದಾಗೆಲ್ಲ ನಾನು ಅವಳ ಹಾಡನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಮನೆಗೆ ಬಂದು ಹಾರ್ಡ್ ಡಿಸ್ಕಿಗೆ ಹಾಕಿಡುತ್ತಿದ್ದೆ. ಆಮೇಲೆ ಅವಳ ಗಂಟಲಿನಲ್ಲಿ ಗಂಟು ಕಾಣಿಸಿತು. ಆಪರೇಷನ್ನಿನಲ್ಲಿ ಜೀವ ಉಳಿಯಿತು, ದನಿ ಹೋಯಿತು. ಈಗ ಅವಳದು ಪಕ್ಕದಲ್ಲಿ ಕುಳಿತವರಿಗಷ್ಟೇ ಕೇಳುವ ಪಿಸುಮಾತು.

ಹೋದ ವರ್ಷ ಅವಳ ಗಂಡ, ನಾನು ಮಾಮಾ ಎನ್ನುವವರು, ದೊಡ್ಡ ಟಿವಿ, ಸ್ಪೀಕರ್ ತಂದರು. ಅಕ್ಕನ ಹಾಡುಗಳೆಲ್ಲ ಅದರಲ್ಲಿ ಬರುವಂತೆ ಮಾಡಿಕೊಡು ಎಂದು ನನಗೆ ಫೋನ್ ಮಾಡಿದರು. ಯರಗಟ್ಟಿಯಿಂದ ಬೆಳಗಿನ ಬಸ್ಸಿಗೆ ಹೋದೆ. ಅವರ ಮನೆಯ ಕಂಪ್ಯೂಟರಿಗೆ ಹಾಡುಗಳನ್ನು ಇಳಿಸಿ, ವೈಫೈಯಿಂದ ಟಿವಿಗೆ ಜೋಡಿಸಲು ಕುಳಿತೆ. ಎಷ್ಟು ಹುಡುಕಿದರೂ ಟಿವಿಗೆ ಕಂಪ್ಯೂಟರ್ ಸಿಗಲೊಲ್ಲದು. ಅಕ್ಕ ಚಹಾ ತಂದಿಟ್ಟು ಪಕ್ಕದಲ್ಲೇ ಕುಳಿತಳು. ಯಾವ ಹಾಡು ಯಾರ ಮದುವೆಯದೆಂದು ಅವಳು ಹೇಳಿದಂತೆ ನಾನು ಹೆಸರು ಹಾಕುತ್ತ ಹೋದೆ. ಮನೋಳಿಯ ಮದುವೆಯೊಂದರ ನೆನಪಾಗಿ ನಕ್ಕಳು ಕೂಡ.

ಕೊನೆಗೆ ಟಿವಿಗೆ ಕಂಪ್ಯೂಟರ್ ಸಿಕ್ಕಿತು, ಪರದೆಯ ಮೇಲೆ ಹಾಡುಗಳ ಹೆಸರುಗಳು ಮೂಡಿದವು. ಮೊದಲನೆಯದನ್ನು ಒತ್ತಿದೆ. ಅಕ್ಕನ ಹಳೆಯ ದನಿ ಇಡೀ ಮನೆ ತುಂಬಿತು. ಮಾಮಾ ಕಣ್ಣು ಮುಚ್ಚಿದರು. ಅಕ್ಕ ಸುಮ್ಮನೆ ಎದ್ದು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಮಿಕ್ಸರ್ ಸದ್ದು ಶುರುವಾಯಿತು, ನಿಲ್ಲಲೇ ಇಲ್ಲ. ಹೋಗಿ ನೋಡಿದರೆ ಜಾರ್ ಖಾಲಿಯಿತ್ತು. ಅವಳು ಗೋಡೆಗೆ ಮುಖ ಮಾಡಿ ನಿಂತಿದ್ದಳು.

ಮಿಕ್ಸರ್ ಬಂದ್ ಮಾಡಿ, ಹಾಡುಗಳನ್ನು ತೆಗೆದುಬಿಡಲೇ ಎಂದು ಕೇಳಿದೆ. ಅವಳು ನನ್ನ ಕಿವಿಯ ಹತ್ತಿರ ಬಂದಳು.

"ಬ್ಯಾಡ ತಮ್ಮಾ, ಇರ್ಲಿ. ಅವ್ರಿಗೆ ಬೇಕಾಗೇತಿ. ನಾ ಮನ್ಯಾಗ ಇಲ್ಲದಾಗ ಹಚ್ಕೋರಿ ಅಂತ ಹೇಳು."

ಹೊರಗೆ ಬಂದು ಹೇಳಿದೆ. ಮಾಮಾ ತಾವೇ ಟಿವಿ ಆರಿಸಿದರು. "ಆಕೀಗೆ ಖುಷಿ ಆಗ್ತೈತಿ ಅಂತ ತಿಳ್ಕೊಂಡಿದ್ನೆಪಾ," ಎಂದರು.

ಮೊನ್ನೆ ಹೋದಾಗ ಬಾಗಿಲು ಮುಚ್ಚಿತ್ತು. ಅಕ್ಕ ಕಾಯಿಪಲ್ಲೆಯ ಚೀಲ ಹಿಡಿದು ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದಳು. ಒಳಗಿನಿಂದ ಅವಳದೇ ಹಾಡು ಸಣ್ಣಗೆ ಕೇಳುತ್ತಿತ್ತು. ಕುಳಿತುಕೋ ಎಂದು ಸನ್ನೆ ಮಾಡಿದಳು. ಕುಳಿತೆ. ಅವಳು ರಸ್ತೆಯ ಕಡೆ ನೋಡುತ್ತಿದ್ದಳು. ಹಾಡು ಮುಗಿದ ಮೇಲೆ, ಮಾಮಾಗೆ ಕೇಳುವಂತೆ ಕೆಮ್ಮಿ, ಬಾಗಿಲು ದೂಡಿದಳು.